ಟವೆಲ್ಲಿನ ಕೆಳಗೆ ಕಿವಿಗೇನು ಕೆಲಸ?

ರಾಜೂರಿನ ಕಳಕಪ್ಪನವರು ಆ ಬೆಳಿಗ್ಗೆ ಚಹಾದ ಬಸಿಯನ್ನು ಕೆಳಗಿಟ್ಟು, ಗಂಟಲು ಸರಿಪಡಿಸಿಕೊಂಡು, ರಾಜ್ಯ ಗೆಲ್ಲಲು ಹೊರಟವರ ಗತ್ತಿನಲ್ಲಿ ಘೋಷಿಸಿದರು:

"ಇವತ್ತ ಗಜೇಂದ್ರಗಡಕ್ಕ ಹೋಗಿ, ಐನೂರು ರೂಪಾಯಿ ಒಳಗ, ಇಡೀ ತಾಲೂಕಿನ್ಯಾಗ ಯಾರ ಕಿವಿಯಾಗೂ ಇರಲಾರದಂಥಾ ಇಯರ್‌ಫೋನ್ ಆರಿಸ್ಕೊಂಡ ಬರ್ತೀನಿ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸುಶೀಲವ್ವ ತಿರುಗಿಯೂ ನೋಡಲಿಲ್ಲ. "ಇವತ್ತ ನಾವು ಹೊಂಟಿದ್ದು ಎಮ್ಮಿ ತರಾಕ."

"ಎಮ್ಮಿನೂ ತರೂಣು. ಎರಡೂ ಆರಿಸೂ ಕೆಲಸಾನ. ಆರಿಸೂದು ನಮ್ಮ ರಕ್ತದಾಗ ಐತಿ."

ಹಾಗೆಂದು ಕಳಕಪ್ಪನವರೇ ಹೇಳಿಕೊಳ್ಳುತ್ತಾರೆ. ಬೇರೆ ಯಾರಾದರೂ ಹೇಳಿದ್ದನ್ನು ಊರವರು ಇನ್ನೂ ಕೇಳಿಲ್ಲ. ಊರ ಭಜನಾ ಮೇಳದಲ್ಲಿ ತಬಲಾ ನುಡಿಸುವುದರಿಂದ ತಮ್ಮ ಕಿವಿ ಸೂಕ್ಷ್ಮ ಎಂಬುದು ಅವರ ಮೊದಲ ಹೆಗ್ಗಳಿಕೆ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಕೈ ಕೂಡಿಸಿ, ಬಾಯಿ ಬಿಡದೆ, ಬೆರಳು ಹಿಸುಕಿಯೇ ದರ ಮುಗಿಸುವುದರಲ್ಲಿ ತಮ್ಮನ್ನು ಮೀರಿಸುವವರು ಹುಟ್ಟಿಲ್ಲ ಎಂಬುದು ಎರಡನೆಯದು.

ಅಳಿಯ ತಂದುಕೊಟ್ಟ ಬೆಂಕಿಪೊಟ್ಟಣದಷ್ಟು ಮ್ಯೂಸಿಕ್ ಪ್ಲೇಯರಿನಲ್ಲಿ ಅವರಿಗೆ ಬೇಕಾದ ಭಜನೆಗಳೆಲ್ಲ ಇದ್ದವು. ಆದರೆ ಅದರ ಜೊತೆ ಬಂದ ಇಯರ್‌ಫೋನ್ ಕಿವಿಯ ಹೊರಗೇ ನೇತಾಡುವ ಜಾತಿಯದು. ಭಜನೆ ರಂಗೇರುವಾಗಲೇ "ಎತ್ತಿಗೆ ನೀರ ಕುಡಿಸಿದ್ರೇನ್ರೀ?" ಎಂಬ ಸುಶೀಲವ್ವನ ದನಿ ತಾಳ ತಪ್ಪದೆ ಒಳಗೆ ಬರುತ್ತಿತ್ತು. ಕಿವಿಯೊಳಗೇ ಕೂತು ಹೊರಗಿನ ಗದ್ದಲ ತಡೆಯುವ ಇಯರ್‌ಫೋನ್ ಬೇಕೆಂದು ಅವರಿಗೆ ಅನ್ನಿಸಿದ್ದು ಕೇವಲ ಸಂಗೀತದ ಮೇಲಿನ ಪ್ರೀತಿಯಿಂದ. ಬೇರೆ ಕಾರಣ ಹುಡುಕುವವರು ಹೊಟ್ಟೆಕಿಚ್ಚಿನವರು.

ಎಮ್ಮೆಯ ವಿಷಯ ಬೇರೆ. ಗಜೇಂದ್ರಗಡದ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿದು ಕೊಟ್ಟು, ಹೊಗೆಗೆ ಕಣ್ಣು ಕೆಂಪಾಗಿಸಿಕೊಂಡು ಸುಶೀಲವ್ವ ಅದಕ್ಕೆಂದೇ ದುಡ್ಡು ಕೂಡಿಸಿದ್ದರು. ಸೂಡಿಯ ಅರ್ಜುನಪ್ಪನ ಎಮ್ಮೆಯನ್ನು ಅವರು ಮೊದಲೇ ನೋಡಿ ಮೆಚ್ಚಿದ್ದರು. ಕೂಡಿಸಿದ್ದು ಅಷ್ಟೇ, ದರ ಅದಕ್ಕಿಂತ ಮೇಲೆ ಹೋದರೆ ಎಮ್ಮೆ ಇಲ್ಲ.

"ದರಾ ನಾನ ಮಾತಾಡ್ತೀನಿ," ಎಂದಿದ್ದರು ಸುಶೀಲವ್ವ.

"ನೀ ಸುಮ್ನ ನಿಂತ್ಕೊ. ಅದು ಬೆರಳಿನ ವಿದ್ಯಾ," ಎಂದಿದ್ದರು ಕಳಕಪ್ಪನವರು.

ಬಸ್ಸಿಳಿದ ಕೂಡಲೇ ಸುಶೀಲವ್ವನನ್ನು ಖಾನಾವಳಿಗೆ ಕಳಿಸಿ, ಕಳಕಪ್ಪನವರು ಮೈನುದ್ದೀನನ ಮೊಬೈಲ್ ಅಂಗಡಿ ಹೊಕ್ಕರು.

"ಕಾಕಾ, ವೈರ್‌ಲೆಸ್ ತಗೋರಿ. ಈಗ ಎಲ್ಲಾರೂ ಅದನ್ನ ಹಾಕ್ತಾರ."

"ನನ್ನ ಪ್ಲೇಯರಿಗೆ ಪಿನ್ನಿನ ತೂತ ಐತಿ. ಅಲ್ಲದ, ಹಗ್ಗ ಇಲ್ಲದ ದನಾ ಯಾರರೆ ಕೊಳ್ತಾರೇನು?"

ಮೈನುದ್ದೀನ ವೈರಿನವನ್ನು ಗಾಜಿನ ಮೇಲೆ ಹರವಿದ. ಕಳಕಪ್ಪನವರು ಒಂದೊಂದನ್ನೂ ಎತ್ತಿ ಹಿಡಿದರು, ಎಳೆದರು, ಮೂಸಿದರು. ಹಲ್ಲು ಎಣಿಸಲು ಬಾಯಿ ಸಿಗಲಿಲ್ಲವಷ್ಟೇ! ಮೊದಲನೆಯದರಲ್ಲಿ ತಬಲಾ ತಗಡು ಬಡಿದಂತೆ ಕೇಳಿಸಿತು. ಎರಡನೆಯದರ ಡಬ್ಬಿಯ ಮೇಲೆ 'ಎಕ್ಸ್‌ಟ್ರಾ ಬಾಸ್' ಎಂದಿತ್ತು. ಅದರಲ್ಲಿ ತಬಲಾ ಜೋಡಿಯ ಡಗ್ಗಾ ಒಂದೇ ಬಿಟ್ಟು ಹಾಡುವವನು, ಹಾರ್ಮೋನಿಯಂ, ದೇವರು ಎಲ್ಲರೂ ಮಾಯ. ಮೂರನೆಯದು ಬಲಗಿವಿಯಲ್ಲಿ ಹಾಡಿ ಎಡಗಿವಿಯಲ್ಲಿ ಮೌನವ್ರತ ಹಿಡಿದಿತ್ತು.

ಕೊನೆಗೆ ಧೂಳು ಹಿಡಿದ ಒಂದು ಕಪ್ಪು ಜೋಡಿ ಹೊರಬಂತು. ಅದರ ಜೊತೆ ಸಣ್ಣ, ನಡುವಿನ, ದೊಡ್ಡ ಅಳತೆಯ ರಬ್ಬರುಗಳಿದ್ದವು. ಕಳಕಪ್ಪನವರ ಘನತೆಗೆ ತಕ್ಕುದು ದೊಡ್ಡದೇ. ಅದನ್ನು ತಿರುವಿ ತಿರುವಿ ಕಿವಿಯೊಳಗೆ ನೆಟ್ಟರು.

ಆಹಾ! ಬಸ್ಸಿನ ಹಾರ್ನು ಹೋಯಿತು, ಬಜಾರ ಹೋಯಿತು, ಗಜೇಂದ್ರಗಡವೇ ಹೋಯಿತು. ಉಳಿದದ್ದು ಭಜನೆ ಮಾತ್ರ. ಕಳಕಪ್ಪನವರು ಕಣ್ಣು ಮುಚ್ಚಿದರು.

ಕಣ್ಣು ಬಿಟ್ಟು ರಬ್ಬರು ಕಿತ್ತಾಗ ಮೈನುದ್ದೀನ ಬೆವರು ಒರೆಸಿಕೊಳ್ಳುತ್ತಿದ್ದ. "ಆತ್ರಿ ಕಾಕಾ, ನಾನೂರಾ ಐವತ್ತಕ್ಕ ಒಯ್ರಿ. ಆರನೂರಿಂದ ಹಿಡಿದು ಇಳಿಸಾಕತ್ತೀನಿ, ನೀವು ಹ್ಞೂಂ ಅನ್ನವಲ್ರಿ, ಹ್ಞಾಂ ಅನ್ನವಲ್ರಿ. ಇಂಥಾ ಗಟ್ಟಿ ಗಿರಾಕಿ ನೋಡಿಲ್ಲ."

ಕಳಕಪ್ಪನವರು ಕೇಳಿಸಿಕೊಂಡೇ ಸುಮ್ಮನಿದ್ದವರಂತೆ ಮುಗುಳ್ನಕ್ಕು ದುಡ್ಡು ಕೊಟ್ಟರು. ವ್ಯಾಪಾರದ ಪರಮರಹಸ್ಯ ಅವರಿಗೆ ಆಗ ಹೊಳೆದಿತ್ತು: ಎದುರಿನವನ ಮಾತು ಕೇಳಿಸದಿದ್ದರೆ ದರ ತಾನಾಗಿಯೇ ಇಳಿಯುತ್ತದೆ. ಹಾಗಿದ್ದ ಮೇಲೆ ಇಯರ್‌ಫೋನನ್ನು ಕಿವಿಯಿಂದ ತೆಗೆಯುವುದೇಕೆ?

ದನದ ಸಂತೆಗೆ ಅವರು ಭಜನೆ ಕೇಳುತ್ತಲೇ ಬಂದರು. ಖಾನಾವಳಿಯಿಂದ ಅಲ್ಲಿಗೆ ಬಂದಿದ್ದ ಸುಶೀಲವ್ವ ಒಂದು ಬದಿಯ ರಬ್ಬರು ಎಳೆದು, "ಅದನ್ನ ತಗೀರಿ ಈಗರೆ," ಎಂದರು.

"ಟವೆಲ್ಲಿನ ಕೆಳಗ ಕಿವಿಗೇನ ಕೆಲಸ? ಮಾತಾಡೂದು ಬೆರಳು," ಎಂದು ರಬ್ಬರನ್ನು ಮತ್ತೆ ನೆಟ್ಟರು.

ಅರ್ಜುನಪ್ಪ ಎಮ್ಮೆಯ ಪಕ್ಕದಲ್ಲೇ ಕೂತಿದ್ದ. ಕಳಕಪ್ಪನವರು ಎದುರು ಕೂತು, ಹೆಗಲ ಟವೆಲ್ಲು ಹಾಸಿ, ಅದರ ಕೆಳಗೆ ಅವನ ಕೈ ಹಿಡಿದರು. ಸುಶೀಲವ್ವ ಬಗ್ಗಿ ಏನೋ ಹೇಳುತ್ತಿದ್ದರು, ಅರ್ಜುನಪ್ಪನ ತುಟಿಯೂ ಅಲ್ಲಾಡುತ್ತಿತ್ತು. ಮೇವಿನ ವಿಚಾರವಿರಬೇಕು ಎಂದು ಕಳಕಪ್ಪನವರು ಇಬ್ಬರಿಗೂ ಸೇರಿಸಿ ಒಮ್ಮೆ ಗೋಣು ಹಾಕಿದರು. ಅಷ್ಟರಲ್ಲಿ ಅವರ ಮೆಚ್ಚಿನ ಭಜನೆ ಶುರುವಾಯಿತು. ಕಣ್ಣು ಮುಚ್ಚಿದವು.

ಭಜನೆ ನಿಧಾನಕ್ಕೆ ಆರಂಭವಾಗಿ, ನಡುವೆ ಬಿರುಸಾಗಿ, ಕೊನೆಗೆ ಕುದುರೆಯ ಓಟ ಹಿಡಿದು ನಿಂತಿತು. ನಿಂತಾಗಲೇ ಕಳಕಪ್ಪನವರಿಗೆ ಟವೆಲ್ಲಿನ ಕೆಳಗಿನ ತಮ್ಮ ಕೈಯ ನೆನಪಾದದ್ದು. ಆ ಕೈ ಅರ್ಜುನಪ್ಪನ ಬೆರಳುಗಳ ಮೇಲೆ ಭಜನೆಯುದ್ದಕ್ಕೂ ತಾಳ ಹಾಕಿತ್ತು! ಮೂರು ಬೆರಳು, ಐದು ಬೆರಳು, ಮತ್ತೆ ಐದು, ಇಡೀ ಹಸ್ತ. ಬೆರಳಿಗೊಂದು ಲೆಕ್ಕವಿರುವ ಆ ಕತ್ತಲಲ್ಲಿ ಅವರು ಎಮ್ಮೆಯ ದರಕ್ಕೆ ಬಂಗಲೆ ಕಟ್ಟಿಸುವಷ್ಟನ್ನು ಒಪ್ಪಿಕೊಂಡಿರಬೇಕು.

ಅವಸರದಲ್ಲಿ ರಬ್ಬರು ಕಿತ್ತರು. ಅರ್ಜುನಪ್ಪ ಕೈ ಕೊಡವಿಕೊಳ್ಳುತ್ತ ನಗುತ್ತಿದ್ದ. "ವ್ಯಾಪಾರ ಮುಗೀತ್ರಿ ಕಾಕಾ. ಸಂಜೀಕ ಟಂಟಂನ್ಯಾಗ ಎಮ್ಮಿ ಮನಿಗೇ ತರ್ತೀನಿ. ರೊಕ್ಕಾ ಅಲ್ಲೇ ಕೊಡ್ರಿ."

ಟವೆಲ್ಲಿನ ಕೆಳಗೆ ಕೊಟ್ಟ ಮಾತು ಹಿಂದೆಗೆಯುವಂತಿಲ್ಲ. ಎಷ್ಟಕ್ಕೆ ಒಪ್ಪಿದೆನೆಂದು ಬಾಯಿಬಿಟ್ಟು ಕೇಳುವಂತೆಯೂ ಇಲ್ಲ. ಕೇಳಿದರೆ ಸಂತೆಗೆ ಸಂತೆಯೇ ನಗುತ್ತದೆ.

ಮರಳುವ ಬಸ್ಸಿನಲ್ಲಿ ಸುಶೀಲವ್ವ ಎಂದೂ ಇಲ್ಲದಷ್ಟು ಖುಷಿಯಲ್ಲಿದ್ದರು. "ಮೊದಲನೇ ಗಿಣ್ಣ ಓಣಿಗೆಲ್ಲಾ ಹಂಚೂಣ್ರಿ. ಬರೂ ತಿಂಗಳ ಈಯತೈತಿ."

ಕಳಕಪ್ಪನವರಿಗೆ ಆ ಖುಷಿಯನ್ನು ನೋಡಲಾಗಲಿಲ್ಲ. ಬಡಿದ ಒಂದೊಂದು ರೊಟ್ಟಿಯಲ್ಲೂ ಸುಶೀಲವ್ವ ಈ ಎಮ್ಮೆಯನ್ನೇ ಕಂಡಿದ್ದರು. ತಾವು ಅದನ್ನು ಒಂದು ಭಜನೆಯಲ್ಲಿ ಕಳೆದಿದ್ದರು. ಅವರಿಗೆ ನಿಜವಾಗಿಯೂ ನಾಚಿಕೆಯಾಯಿತು. ಮದುವೆಯಾದಾಗಿನಿಂದ ಇಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಮನೆಗೆ ಬಂದವರು ಒಂದೇ ರೊಟ್ಟಿ ತಿಂದು ಎದ್ದರು.

"ಆರಾಮ ಇಲ್ಲೇನ್ರಿ? ದವಾಖಾನಿಗೆ ಹೋಗಬೇಕೇನು?"

"ಏನಿಲ್ಲ. ನರಗುಂದಕ್ಕ ತಂಗಿ ಮನಿಗೆ ಹೋಗಿ ಬರ್ಲೇನು ಅಂತ ವಿಚಾರ ಮಾಡಾಕತ್ತಿದ್ದೆ. ಸಂಜೀಕಿಂತ ಮೊದಲ."

"ಎಮ್ಮಿ ಬರೂ ಹೊತ್ತಿನ್ಯಾಗ? ಸುಮ್ನ ಕುಂದರ್ರಿ."

ಸಂಜೆ ಟಂಟಂ ಗಾಡಿ ಬಂತು. ಎಮ್ಮೆ ಇಳಿಯಿತು. ಸುಶೀಲವ್ವ ಅದರ ಹಣೆಗೆ ಕುಂಕುಮ ಹಚ್ಚಿ, ಅರ್ಜುನಪ್ಪನಿಗೆ ಚಹಾ ಕೊಟ್ಟು, ಜೋಳದ ಡಬ್ಬಿಯಿಂದ ಗಂಟು ತೆಗೆದರು. ಹಿತ್ತಲ ಬಾಗಿಲವರೆಗೆ ಜಾರಿದ್ದ ಕಳಕಪ್ಪನವರಿಗೆ ಆ ಗಂಟು ಕಂಡ ಕೂಡಲೇ ತಡೆಯಲಾಗಲಿಲ್ಲ. ಬಂದು ನಡುವೆ ನಿಂತರು.

"ತಡಿ. ನಿನ್ನ ಗಂಟು ಸಾಲೂದಿಲ್ಲ. ಟವೆಲ್ಲಿನ ಕೆಳಗ ನಾ ಹಾಡಿನ ಗುಂಗಿನ್ಯಾಗ ತಾಳ ಹಾಕಿಬಿಟ್ಟೆ. ಬೆರಳು ಎಲ್ಲೆಲ್ಲಿ ಬಿತ್ತು, ಎಷ್ಟಕ್ಕ ಹೋತು, ಖರೇ ಹೇಳ್ತೀನಿ, ನನಗ ಗೊತ್ತಿಲ್ಲ. ತಪ್ಪಾತು. ಅರ್ಜುನಪ್ಪ, ಎಮ್ಮಿ ಹೊಡ್ಕೊಂಡ ಹೋಗಪಾ."

ಅರ್ಜುನಪ್ಪ ಬಸಿ ಕೆಳಗಿಟ್ಟು ಸುಶೀಲವ್ವನ ಮುಖ ನೋಡಿದ. ಸುಶೀಲವ್ವ ನೆಲ ನೋಡಿದರು.

"ಕಾಕಾ, ದರಾ ನಾನೂ ಅವ್ವಾರೂ ಬಾಯಿಲೇ ಮುಗಿಸಿದ್ವಿ. ಈ ಗಂಟಿನ್ಯಾಗ ಇನ್ನೂ ಒಂದಿಷ್ಟ ಉಳೀತೈತಿ. ನಿಮ್ಮ ಮುಂದ ಮಾತಾಡಿದ್ವಿ, ನೀವೂ ಗೋಣ ಹಾಕಿದ್ರಿ."

ಕಳಕಪ್ಪನವರು ಎಮ್ಮೆಯನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಜೀವ ಮರಳಿ ಬಂತು. ಅದರ ಹಿಂದೆಯೇ ಜಂಬವೂ ಬಂತು.

"ಮತ್ತ ಅಷ್ಟ ಹೊತ್ತು ಟವೆಲ್ಲಿನ ಕೆಳಗ ನನ್ನ ಕೈ ಯಾಕ ಹಿಡಿದಿದ್ದಿ? ನನ್ನ ಬೆರಳಿಗೆ ಅಂಜಿ ಅಲ್ಲೇನು?"

"ನಾನೂ ಅದನ್ನ ಕೇಳಿದ್ನಿರಿ," ಎಂದ ಅರ್ಜುನಪ್ಪ. "'ಅವ್ವಾರ, ವ್ಯಾಪಾರ ಮುಗೀತಲ್ರಿ, ಇವರ ಕೈ ಬಿಡ್ಲೇನು?' ಅಂದೆ. 'ಬ್ಯಾಡೋ ಯಪ್ಪಾ, ಹಾಡ ಮುಗಿಯೂತನಕ ಹಿಡ್ಕೊಂಡಿರು. ಸಂತ್ಯಾಗ ತಪ್ಪಿಸ್ಕೊಂಡ್ರ ಕರದ್ರೂ ಕೇಳಸೂದಿಲ್ಲ' ಅಂದ್ರು."