ಹಿಂದಕ್ಕೆ ಹರಿಯುವ ನೀರು

ನಮ್ಮ ಸೋದರಮಾವ ಕಡುಜಿಪುಣ ಎಂದು ಇಡೀ ಸೂಡಿ ಊರೇ ಹೇಳುತ್ತದೆ. ಸಾಕ್ಷಿ? ಬಟ್ಟೆ ಒಗೆದ ನೀರನ್ನೂ ಚೆಲ್ಲುವುದಿಲ್ಲವಂತೆ! ಆದರೆ ಜಿಪುಣನಾದವನು ಬಸ್ಸು ಹತ್ತಿ ಗಜೇಂದ್ರಗಡಕ್ಕೆ ಹೋಗಿ ಒಂದೇ ಸಲಕ್ಕೆ ನಾಲ್ಕು ಹೊಸ ಬಕೆಟ್ ತರುತ್ತಾನೆಯೇ? ವಾದ ಅಲ್ಲೇ ಬಿದ್ದುಹೋಯಿತು.

ಮಾವ ಕಾಗದದ ಕಾರ್ಖಾನೆಯೊಂದರಲ್ಲಿ ಕಟ್ಟಿಗೆಯ ತಿರುಳನ್ನು ಬಿಳುಪು ಮಾಡಿ ತೊಳೆಯುವ ವಿಭಾಗದಲ್ಲಿದ್ದವರು. ನಿವೃತ್ತರಾಗಿ ಬಂದವರು ಹಿತ್ತಲಲ್ಲಿ ಆ ವಿಭಾಗವನ್ನೇ ಮತ್ತೆ ತೆರೆದಿದ್ದಾರೆ! ಸಾಲಾಗಿ ನಾಲ್ಕು ಬಕೆಟ್. ಬಟ್ಟೆ ಒಂದರಿಂದ ನಾಲ್ಕಕ್ಕೆ ಮುಂದೆ ಹೋಗಬೇಕು, ನೀರು ನಾಲ್ಕರಿಂದ ಒಂದಕ್ಕೆ ಹಿಂದೆ ಬರಬೇಕು. ಹೊಸ ನೀರು ಕೊನೆಯದಕ್ಕೆ ಮಾತ್ರ.

“ಹೊಲಸ ಬಟ್ಟಿಗೆ ಹೊಸಾ ನೀರ ಯಾಕಲೇ? ಅದಕ್ಕೇನ ಗೊತ್ತಾಗತೈತಿ?”

“ಬಟ್ಟಿಗೆ ಗೊತ್ತಾಗೂದಿಲ್ಲ ಮಾವಾ, ಹಾಕ್ಕೊಂಡಾವಗ ಗೊತ್ತಾಗತೈತಿ!”

“ಸುಮ್ನ ಮೂರನೇ ಬಕೆಟ್ ಎತ್ತೋ ವಕೀಲಾ.”

ಎತ್ತಿದೆ. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಂದವನ ಗತಿ!

ಮೊನ್ನೆ ಅತ್ತೆ ಹೊಸ ಕೆಂಪು ಇಳಕಲ್ ಸೀರೆಯನ್ನು ನೇರವಾಗಿ ನಾಲ್ಕನೆಯ ಬಕೆಟ್ಟಿಗೆ ಹಾಕಿದರು. ಹೊಸ ಸೀರೆ, ಹೊಲಸಾಗಿಲ್ಲ, ಶುದ್ಧ ನೀರೇ ಅದಕ್ಕೆ ತಕ್ಕದ್ದು. ಮಾವನ ಸಿದ್ಧಾಂತವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದವರು ಬೇರೆ ಯಾರಿದ್ದಾರೆ? ಸೀರೆ ಬಣ್ಣ ಬಿಟ್ಟಿತು. ನೀರು ನಿಯಮದಂತೆ ಹಿಂದೆ ಹಿಂದೆ ಬಂತು. ಮಾವನ ಧೋತರ, ನನ್ನ ಅಂಗಿ, ದಿಂಬಿನ ಚೀಲ, ಎಲ್ಲವೂ ಗುಲಾಬಿ! ಮಾವನ ಧೋತರ ಕಂಡು ಬಸ್ ಸ್ಟ್ಯಾಂಡಿನಲ್ಲಿ ಒಬ್ಬರು, “ಏನ್ರಿ ಸಾಹೇಬ್ರ, ಹೋಳಿ ಲಗೂ ಬಂತೇನ್ರಿ?” ಅಂದರಂತೆ.

ಅತ್ತೆ ತೀರ್ಪು ಕೊಟ್ಟೇಬಿಟ್ಟರು: “ಸಾಕ್ರಿ ನಿಮ್ಮ ಕಾರ್ಖಾನಿ! ನಾಳಿಂದ ಈ ಬಕೆಟ್ ಎಲ್ಲಾ ಎಮ್ಮಿಗೆ ನೀರಿಡಾಕ.”

ಅನುಮೋದಿಸಲು ನಾನು ಮೂರು ಅಂಶ ಸಿದ್ಧಮಾಡಿಕೊಂಡಿದ್ದೆ. ಅಷ್ಟರಲ್ಲಿ ಮಾವ, ಮತ್ತೆ ಒಗೆದ ಧೋತರ ಹಿಂಡುತ್ತಲೇ, ಮೆಲ್ಲಗೆ ಹೇಳಿದರು:

“ಕಾರ್ಖಾನ್ಯಾಗೂ ಹಿಂಗ ಆಗಿತ್ತು. ತಿರುಳ ತೊಳದ ನೀರ ಹಳ್ಳಕ್ಕ ಬಿಡೂದ ಬ್ಯಾಡ, ಹಿಂದಿನ ತೊಳಿಯೂ ಯಂತ್ರಕ್ಕ ತಿರಗಸೂಣು ಅಂತ ನಾನ ಹೇಳಿದ್ದೆ. ಒಪ್ಪಿದ್ರು. ಮೊದಲನೇ ದಿನಾನ ತಿರುಳು ಹಳದಿ ಆತು. ಸಂಜಿಕ್ಕ ಪೈಪ್ ಬಿಚ್ಚಿದ್ರು. ಬಣ್ಣ ಬಿಡೂ ನೀರ ಒಂದ ಬ್ಯಾರೆ ಇಡಬೇಕಿತ್ತು, ಅಷ್ಟ! ಮರುದಿನ ಮುಂಜಾನಿ ಹೊಳೀತು. ಹೇಳಾಕ ಓಡಿಹೋದೆ. ಯಾರೂ ಕೇಳಲಿಲ್ಲ.”

ಮಾತು ನನಗೆ, ಕಣ್ಣು ಅತ್ತೆಯ ಮೇಲೆ. ನನ್ನ ಮೂರೂ ಅಂಶಗಳನ್ನು ಅಲ್ಲೇ ಕೈಬಿಟ್ಟೆ. ವಾದದ ನಡುವೆ ಪಕ್ಷ ಬದಲಿಸುವುದು ನನಗೆ ಅವಮಾನ, ಆದರೂ ಬದಲಿಸಿದೆ. ಅತ್ತೆ ಆಗಲೇ ನಾಲ್ಕನೆಯ ಬಕೆಟ್ ಕೈಗೆತ್ತಿಕೊಂಡಿದ್ದರು.

“ಅತ್ತೀ, ಕಾರ್ಖಾನಿಯವ್ರು ಕೊಡದ ಆ ಎರಡನೇ ದಿನಾ ಮಾವಗ ನೀವರ ಕೊಡ್ತೀರೇನು?”