ಮೈದುನನ ವಿರಹವೂ ನನ್ನ ಪೆನ್‌ಡ್ರೈವೂ

ನನ್ನ ಮೈದುನ ಗೌರೀಶನ ಹೃದಯ ಒಡೆದದ್ದು ನಿಜ. ಆದರೆ ಅದರಿಂದ ಬಿದ್ದುಹೋದದ್ದು ನನ್ನ ರಟ್ಟೆ. ಆ ಮಹಾಪುರುಷ ಟ್ರ್ಯಾಕ್ಟರಿನ ಮೇಲೆ ಕೂತು ಹಾಡು ಕೇಳುತ್ತ ದುಃಖಿಸುತ್ತಿದ್ದ. ನಾನು ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತ ದುಃಖಿಸುತ್ತಿದ್ದೆ. ನನ್ನ ದುಃಖಕ್ಕೆ ಮಾತ್ರ ಯಾವ ಹಾಡೂ ಇರಲಿಲ್ಲ.

ಬೈಲಹೊಂಗಲದ ನಮ್ಮ ಮನೆಯಲ್ಲಿ ಗಂಡ, ಮಕ್ಕಳು, ಮೈದುನ, ಹೊಲದ ಆಳುಗಳು ಎಲ್ಲರ ಹೊಟ್ಟೆಗೂ ಈ ಎರಡು ಕೈಯ ರೊಟ್ಟಿಯೇ ಗತಿ. ಅತ್ತೆ ಕೆಂಚವ್ವನವರು ಮೊಣಕಾಲು ನೋವೆಂದು ಒಲೆಗೆ ರಾಜೀನಾಮೆ ಕೊಟ್ಟು, ಪಡಸಾಲೆಯಿಂದ ಮೇಲ್ವಿಚಾರಣೆ ಮಾತ್ರ ನಡೆಸುತ್ತಾರೆ. ಹೀಗಾಗಿ ನನಗೆ ಈ ಜನ್ಮದಲ್ಲಿ ಉಳಿದಿದ್ದ ಆಸೆ ಒಂದೇ: ಗೌರೀಶನ ಮದುವೆಯಾಗಬೇಕು, ನನಗೊಬ್ಬ ನೆಗೆಣ್ಣಿ ಬರಬೇಕು, ಅರ್ಧ ರೊಟ್ಟಿ ಅವಳು ಬಡಿಯಬೇಕು.

ಮುರಗೋಡದ ಮಡಿವಾಳೆಪ್ಪನವರ ಮಗಳು ಶೈಲಜಾಳ ಜೊತೆ ಮಾತುಕತೆ ಗಟ್ಟಿಯಾಗಿತ್ತು. ನಾನು ರೊಟ್ಟಿ ಹಿಟ್ಟು ನಾದಿ ಬಡಿಯಲು ಇನ್ನೊಂದು ಕೊಣಮಿಗೆಯನ್ನೂ ತಂದಿಟ್ಟಿದ್ದೆ. ಅಷ್ಟರಲ್ಲಿ ಹುಡುಗಿ ಒಲ್ಲೆ ಎಂದಳು. ಕಾರಣ ಕೇಳಿದರೆ ಫೋನಿನಲ್ಲಿ ನನಗೇ ಹೇಳಿದಳು:

“ಅಕ್ಕಾರ, ನಿಮ್ಮ ಮೈದುನ ಮಾತಾ ಆಡೂದಿಲ್ಲರಿ. ಫೋನ್ ಮಾಡಿದ್ರ ‘ಹೂಂ’ ಅಂತಾನ, ಸುಮ್ಮಕಾಗತಾನ, ಮತ್ತ ‘ಹೂಂ’ ಅಂತಾನ. ನಾ ಅಂದ್ರ ಅವಗ ಬೇಕೋ ಬ್ಯಾಡೋ ಅದ ತಿಳಿವಲ್ತು.”

ಹುಡುಗಿ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗೌರೀಶ ಎತ್ತುಗಳ ಜೊತೆ ಇದಕ್ಕಿಂತ ಹೆಚ್ಚು ಮಾತಾಡುತ್ತಾನೆ.

ಸಂಬಂಧ ಮುರಿದ ಮೇಲೆ ಇವನು ಬಜಾರದಿಂದ ಒಂದು ಪೆನ್‌ಡ್ರೈವ್ ತಂದ. ಕನ್ನಡ, ಹಿಂದಿ, ಮರಾಠಿ, ಯಾವ ಭಾಷೆಯಲ್ಲಿ ಯಾರು ಅತ್ತಿದ್ದರೂ ಹುಡುಕಿ ತಂದು ಅದರೊಳಗೆ ತುಂಬಿದ. ಅದನ್ನೂ ಶಾಸ್ತ್ರೋಕ್ತವಾಗಿ ಜೋಡಿಸಿದ್ದ: ಮೊದಲು ಸಣ್ಣಗೆ ಬಿಕ್ಕುವ ಹಾಡು, ಆಮೇಲೆ ಗೋಳೋ ಎನ್ನುವ ಹಾಡು, ಕೊನೆಗೆ ವಿಷ ಕುಡಿಯುವ ಹಾಡು. (ಕುಡಿದ ಮೇಲೂ ಗಾಯಕ ಮೂರು ಚರಣ ಹಾಡುತ್ತಾನೆ, ಅಂಥ ಗಟ್ಟಿಗ.) ಕಬ್ಬಿನ ಸೀಸನ್ ಬೇರೆ. ದಿನವೂ ಕಬ್ಬು ಹೇರಿಕೊಂಡು, ಈ ಅಳುವನ್ನು ಹಚ್ಚಿಕೊಂಡು ಹೊರಡುತ್ತಿದ್ದ.

“ಗೌರೀಶ, ಫ್ಯಾಕ್ಟರಿ ಆ ಕಡೆ ಐತಿ. ನೀ ಮುರಗೋಡದ ಕಡೆ ಯಾಕ ಹೊಂಟಿ?”

“ರಸ್ತಾ ಚೊಲೊ ಐತಿ ವೈನಿ.”

“ಡಬಲ್ ದೂರ ಆಗತೈತಲ್ಲೋ, ಮೂಳಾ!”

“ಹೂಂ.”

ನನ್ನ ಗಂಡ ಕಲ್ಮೇಶ ಅವರದು ತಮ್ಮನ ಪಕ್ಷ. “ಬಿಡ, ಹಾಡು ಕೇಳಿದ್ರ ಮನಸ್ಸು ಹಗರ ಆಗತೈತಿ,” ಎಂದರು.

“ಒಂದ ಬುಟ್ಟಿ ರೊಟ್ಟಿ ಬಡೀಲಿ ಬಾ ಅನ್ರಿ, ಮನಸ್ಸೂ ಹಗರ ಆಗತೈತಿ, ಮೈನೂ ಹಗರ ಆಗತೈತಿ!” ಎಂದೆ. ಅವರು ಟವೆಲ್ ಹೆಗಲಿಗೆ ಹಾಕಿಕೊಂಡು ಹೊಲಕ್ಕೆ ಹೋದರು.

ದೇಗಾಂವದಿಂದ ಇನ್ನೊಂದು ಹೆಣ್ಣಿನ ವಿಚಾರ ಬಂದಾಗ ಗೌರೀಶ ತಲೆಯನ್ನೂ ಎತ್ತಲಿಲ್ಲ, ಹಾಡಿನ ಸದ್ದು ಏರಿಸಿದ. ಆಗ ನನಗೆ ಹೊಳೆಯಿತು. ಹಾಡಿನಿಂದ ಹಿಡಿದ ದೆವ್ವವನ್ನು ಹಾಡಿನಿಂದಲೇ ಬಿಡಿಸಬೇಕು! ನಾನೇ ಒಂದು ‘ವಿರಹ ವಿಮೋಚನಾ ಮಹಾಸಂಕಲನ’ ತಯಾರಿಸಿದೆ. ಮೊಬೈಲ್ ಮುಂದಿಟ್ಟುಕೊಂಡು ಒಂದು ಸೋಬಾನೆ ಪದ ಹಾಡಿದೆ, ಅದರ ಬೆನ್ನಿಗೆ ಒಂದು ಬೈಗುಳ. ಒಂದು ಮಂಗಳಾರತಿ, ಮತ್ತೊಂದು ಬೈಗುಳ. ಹಾಡುಗಳು ಚಿಕ್ಕವು. ಬೈಗುಳಗಳನ್ನು ಮಾತ್ರ ಮನಸಾರೆ ವಿಸ್ತರಿಸಿದೆ. ಮೊಬೈಲ್ ಅಂಗಡಿಯವನು ಹೊಸ ಪೆನ್‌ಡ್ರೈವಿಗೆ ಹಾಕಿಕೊಟ್ಟ. ಅವನ ಮುಖದಲ್ಲಿ ನಗು ಕಂಡಿತು, ನನ್ನ ಕಂಠವನ್ನು ಮೆಚ್ಚಿದನೆಂದುಕೊಂಡೆ. ಬೆಳಿಗ್ಗೆ ಗೌರೀಶನ ಪೆನ್‌ಡ್ರೈವ್ ಕಿತ್ತು ನನ್ನದನ್ನು ಸಿಕ್ಕಿಸಿಟ್ಟೆ.

ಕೇಳಿ ನಾಚಿಕೊಳ್ಳಲಿ ಎಂಬುದು ನನ್ನ ಲೆಕ್ಕ. ಆದರೆ ನಮ್ಮ ಕಡೆ ಟ್ರ್ಯಾಕ್ಟರಿಗೆ ಸೌಂಡ್ ಬಾಕ್ಸ್ ಕೂರಿಸುವುದು ಡ್ರೈವರ್ ಕೇಳುವುದಕ್ಕಲ್ಲ, ಊರಿಗೆ ಕೇಳಿಸುವುದಕ್ಕೆ. ಹುಟ್ಟಿದಾಗಿನಿಂದ ಇದನ್ನು ನೋಡುತ್ತ ಬೆಳೆದ ನಾನು ಅದನ್ನೇ ಮರೆತಿದ್ದೆ.

ಮಧ್ಯಾಹ್ನ ಇನ್ನೊಂದು ಟ್ರ್ಯಾಕ್ಟರಿನ ಡ್ರೈವರ್ ರಾಯಪ್ಪನ ಫೋನ್ ಬಂತು.

“ವೈನಿ, ಎಲ್ಲಿದ್ದೀರಿ?”

“ಮನ್ಯಾಗ. ಯಾಕೋ?”

“ನೀವು ಮುರಗೋಡದಾಗ ಭಾಳ ಜೋರ್ ಬೈಯಾಕ್ಹತ್ತೀರಿ. ಮಂದಿ ಕೂಡೇತಿ.”

ಫೋನಿನ ಹಿನ್ನೆಲೆಯಲ್ಲಿ ನನ್ನ ಧ್ವನಿ ಗುಡುಗುತ್ತಿತ್ತು. ಗೌರೀಶ ಮಡಿವಾಳೆಪ್ಪನವರ ಮನೆಯೆದುರು ಟ್ರ್ಯಾಕ್ಟರ್ ನಿಲ್ಲಿಸಿ, ಹಾಡು ಹಚ್ಚಿ, ಆಚೆಯ ಹೋಟೆಲಿಗೆ ಚಹಾಕ್ಕೆ ಹೋಗಿದ್ದನಂತೆ. ಇದು ಅವನ ದಿನನಿತ್ಯದ ಪೂಜೆ. ಸೋಬಾನೆ ಮುಗಿದದ್ದೇ ನಾನು ಶುರುವಾಗಿದ್ದೆ:

“ಅಳಬುರಕಾ! ಆಕಿ ಉಟ್ಟಿದ್ದ ಗಿಣಿ ಹಸರ ಸೀರಿ ಬಣ್ಣಾನ ಟ್ರೇಲರಿಗೆ ಹೊಡಿಸೀದಿ, ಆಕಿ ಫೋನ್ ಬರತೈತಂತ ಜಳಕಕ್ಕ ಹೋದ್ರೂ ಮೊಬೈಲ್ ಪ್ಲಾಸ್ಟಿಕ್ ಚೀಲದಾಗ ಹಾಕ್ಕೊಂಡ ಹೋಗತಿದ್ದಿ! ಏನ್ ಐತೋ ಆಕಿಯೊಳಗ? ಮಸಡಿ ನೋಡಿದ್ರ ಹುಣಸಿಕಾಯಿ ತಿಂದಂಗ! ಆಕಿ ಬಡದ ರೊಟ್ಟಿ ನಮ್ಮ ಎಮ್ಮಿ ಸುದ್ದಾ ಮೂಸೂದಿಲ್ಲ! ನಿಮ್ಮವ್ವರೇನು ಕಡಿಮಿ? ಒಲಿ ಕಂಡ್ರ ಮೊಣಕಾಲ ನೋವು, ಮದುವಿ ಊಟ ಅಂದ್ರ ಜಿಂಕಿ!”

“ಬಂದ್ ಮಾಡಂತ ಹೇಳೋ ಅವಗ!” ಎಂದು ಚೀರಿದೆ.

“ಹೇಳೇನ್ರಿ. ‘ಹೂಂ’ ಅಂದು ಹಂಗ ನಿಂತಾನ.”

ಸಂಜೆ ಮಡಿವಾಳೆಪ್ಪನವರು ಮಗಳನ್ನು ಕರೆದುಕೊಂಡು ಬಂದೇ ಬಿಟ್ಟರು. ಜಗಳಕ್ಕೇ ಬಂದಿದ್ದಾರೆಂದು ನಾನು ಅಡುಗೆಮನೆ ಸೇರಿ ಬಾಗಿಲ ಸಂದಿಯಲ್ಲಿ ನಿಂತೆ. ನನಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ನೆಗೆಣ್ಣಿಯ ಆಸೆ ಮುಗಿಯಿತು, ಇನ್ನು ಈ ಸೀಮೆಯಲ್ಲಿ ನಮಗೆ ಯಾರೂ ಹೆಣ್ಣು ಕೊಡುವುದಿಲ್ಲ ಅನ್ನಿಸಿತು.

ಆದರೆ ಶೈಲಜಾ ಅಂಗಳದಲ್ಲಿದ್ದ ಟ್ರೇಲರನ್ನು ಒಂದು ಸುತ್ತು ಹಾಕಿ, ಬಣ್ಣ ಮುಟ್ಟಿ ನೋಡಿದಳು. ಗೌರೀಶನ ಮುಂದೆ ಬಂದು ನಿಂತಳು.

“ಫೋನ್ ಚೀಲದಾಗ ಹಾಕ್ಕೊಂಡ ಜಳಕ ಮಾಡತಿದ್ದದ್ದು ಖರೇನ?”

ಗೌರೀಶನ ಕಿವಿ ಕೆಂಪಾದವು. “ಮೊಬೈಲ್ ತೊಯ್ದ್ರ ನಿಮ್ಮ ಫೋನ್ ಹತ್ತೂದಿಲ್ಲಲ್ಲರಿ,” ಎಂದ. ಅವನ ಬಾಯಿಂದ ಅಷ್ಟು ಉದ್ದದ ವಾಕ್ಯ ನಾನು ಕೇಳಿದ್ದು ಅದೇ ಮೊದಲು.

“ಇದನ್ನ ಮೊದಲ ಹೇಳಿದ್ರ ನಿಮ್ಮ ಗಂಟೇನ ಹೋಗತಿತ್ತು?” ಎಂದು ಅವಳು ನಕ್ಕಳು.

ಮದುವೆ ಆಯಿತು. ಎಲ್ಲರೂ ನನ್ನ ಬುದ್ಧಿಯನ್ನು ಕೊಂಡಾಡಿದರು, ಅತ್ತೆಯೊಬ್ಬರನ್ನು ಬಿಟ್ಟು. ಅಂಗಳದ ಹಂದರ ಬಿಚ್ಚುವ ತನಕ ತಡೆದುಕೊಂಡು, ಒಂದು ಮುಂಜಾನೆ ಜೋಳದ ಹಿಟ್ಟು ಹಾಕಿದ ಹೊಸ ಕೊಣಮಿಗೆಯನ್ನು ನೆಗೆಣ್ಣಿಯ ಮುಂದೆ ಸರಿಸಿದೆ.

“ಬಾರವ್ವಾ ಶೈಲಜಾ, ಅರ್ಧಾ ನೀ ಬಡಿ.”

ಅವಳು ಸೆರಗು ಸರಿಮಾಡಿಕೊಂಡು, ತಲೆ ತಗ್ಗಿಸಿ, ಬಹಳ ವಿನಯದಿಂದ ಹೇಳಿದಳು: “ಅಯ್ಯ ಅಕ್ಕಾರ, ನಾ ಬಡದ ರೊಟ್ಟಿ ಎಮ್ಮಿ ಸುದ್ದಾ ಮೂಸೂದಿಲ್ಲಂತ ಮುರಗೋಡಕ್ಕೆಲ್ಲಾ ಸಾರೀರಿ. ಹಿರೇರು ನೀವು. ನಾ ಹೆಂಗ ನಿಮ್ಮ ಮಾತು ಸುಳ್ಳು ಮಾಡ್ಲಿ?”

“ಅದು ಸಿಟ್ಟಿನಾಗ ಅಂದದ್ದವ್ವಾ!”

“ಹಂಗಾರ ಸುಳ್ಳು ಅಂದಿದ್ನಿ ಅಂತ ಮುರಗೋಡದ ನಮ್ಮ ಓಣ್ಯಾಗೂ ಒಮ್ಮಿ ಟ್ರ್ಯಾಕ್ಟರಿನಾಗ ಹಚ್ಚಿಸಿ ಬಿಡ್ರಿ, ಅಕ್ಕಾರ.”

ನಾನು ಬಾಯಿ ತೆರೆಯುವ ಮೊದಲೇ ಪಡಸಾಲೆಯಿಂದ ಅತ್ತೆಯ ಧ್ವನಿ ಬಂತು: “ರೊಟ್ಟಿ ಬರದಾಕಿಗೆ ಯಾಕ ಜುಲುಮಿ ಮಾಡತಿ? ಶೈಲಜಾ, ನೀ ಬಾರವ್ವಾ ಇತ್ತ, ನನ್ನ ಮೊಣಕಾಲಿಗೆ ಎಣ್ಣಿ ಹಚ್ಚು. ಆಕಿ ಬಡೀತಾಳ. ಮತ್ತ ಕೇಳಿಲ್ಲೆ, ಮಂದಿ ಹೆಚ್ಚಾಗೇತಿ, ಹಿಟ್ಟು ಒಂದೀಟು ಜಾಸ್ತಿ ಹಾಕ್ಕೊ!”

ಹಾಕಿಕೊಂಡೆ.