ಎದೆಯ ಮೇಲೆ ಬಂದ ಬೀಗರು

ಡಾಕ್ಟರರ ಮುಂದೆ ಕುಳಿತ ಕೂಡಲೇ ಕಾಯಿಲೆ ಸಂಭಾವಿತನಾಗಿಬಿಡುವುದನ್ನು ನೀವೂ ಕಂಡಿರಬಹುದು. ಬ್ಯಾಡಗಿಯ ನನ್ನ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಡವಡವ ಎಂದು ಲಯ ತಪ್ಪಿ ಕಣ್ಣಿಗೆ ಕತ್ತಲೆ ಕಟ್ಟಿಸುತ್ತಿದ್ದ ಎದೆ, ಹಾವೇರಿಯ ಹೃದಯದ ಡಾಕ್ಟರರು ಇಸಿಜಿ ತೆಗೆಯುವಾಗ ಮಾತ್ರ ಪ್ರಾರ್ಥನೆಗೆ ನಿಂತ ಹುಡುಗನಂತೆ ಶಿಸ್ತಾಯಿತು. "ಹಂಗಾರ ಒಂದ ದಿನ ಇದು ನಿಮ್ಮ ಸಂಗಾಟ ಇರಲಿ. ದಿನಾ ಹೆಂಗ ಇರ್ತೀರಿ, ಹಂಗ ಇರ್ರಿ," ಎಂದು ಅವರು ನನ್ನ ಎದೆಗೆ ಬಿಲ್ಲೆಗಳನ್ನು ಅಂಟಿಸಿ, ತಂತಿಗಳನ್ನು ಸೊಂಟದ ಪುಟ್ಟ ಯಂತ್ರಕ್ಕೆ ಸೇರಿಸಿದರು. ಹೋಲ್ಟರ್ ಎಂದು ಅದರ ಹೆಸರು. ಚಾಕು ಇಲ್ಲ, ಸೂಜಿ ಇಲ್ಲ. ಚರ್ಮದ ಮೇಲೆ ಕುಳಿತೇ ಹೃದಯದೊಳಗಿನ ವಿದ್ಯುತ್ತಿನ ಚಿತ್ರ ಬರೆಯುತ್ತದಂತೆ! ನಮ್ಮೂರಿಗೆ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂಬುದು ಲೈನ್‌ಮ್ಯಾನನಿಗೂ ತಿಳಿಯದು. ಇದೋ, ನನ್ನ ಎದೆಯ ಕರೆಂಟು ಎಲ್ಲಿ ತಡವರಿಸಿತು ಎಂಬುದನ್ನೂ ಗುರುತಿಸುತ್ತದೆ. ಕಂಡುಹಿಡಿದವರಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ತಪ್ಪಾದದ್ದು ಆಮೇಲೆ. ನಮ್ಮ ಕಡೆ ಬೀಗರು ಬಂದಾಗ ಮನೆಯಲ್ಲಿ ಯಾರೂ ದನಿ ಏರಿಸುವುದಿಲ್ಲ. ಅಂಥದರಲ್ಲಿ ಇಷ್ಟು ಘನವಂತ ಯಂತ್ರ ಎದೆಯ ಮೇಲೆಯೇ ಬಿಡಾರ ಹೂಡಿರುವಾಗ ಒದರಾಡುವುದು ಹೇಗೆ? ಅಂಗಡಿಗೆ ಹೋಗಲಿಲ್ಲ. ಲಾರಿಯವನಿಗೂ ಫೋನಿನಲ್ಲಿ 'ರೀ' ಹಚ್ಚಿ ಮಾತಾಡಿದೆ. ಗಾಬರಿಯಲ್ಲಿ ಹೆಂಡತಿ ಗಿರಿಜೆ ಉಪ್ಪು ಹಾಕಲು ಮರೆತ ಸಾರನ್ನು ಹೊಗಳಿ ಉಂಡೆ.

ಮರುದಿನ ಚಿತ್ರ ನೋಡಿದ ಡಾಕ್ಟರು, "ಎಲ್ಲಾ ಬರೋಬ್ಬರಿ ಐತಲ್ರಿ. ದಿನಾ ಹಿಂಗ ಇರ್ತಾರೇನ್ರಿ?" ಎಂದು ಗಿರಿಜೆಯನ್ನು ಕೇಳಿದರು. ಅವಳ ಕಣ್ಣು ತುಂಬಿ ಬಂತು. "ಎಲ್ಲೀದ್ರಿ! ನಿನ್ನೆ ಒಂದ ಸಲನೂ ಒದರಲಿಲ್ರಿ. ಉಪ್ಪಿಲ್ಲದ ಸಾರ ಉಂಡು 'ಛಲೋ ಆಗೇತಿ' ಅಂದ್ರು. ದೊಡ್ಡದೇನೋ ಆಗೇತಿ, ನನ್ನ ಮುಂದ ಮುಚ್ಚಿಡಾಕತ್ತಾರ ಅಂತ ನನ್ನ ಜೀವಾನ ಹಾರಿತ್ರಿ."

ಯಂತ್ರ ಮತ್ತೆ ಎದೆಗೇರಿತು. ಈ ಸಲ ಮಾರುಕಟ್ಟೆಗೆ ಹೋಗಿ, ಮೆಣಸಿನಕಾಯಿ ಘಾಟಿನಲ್ಲಿ ಸೀನುತ್ತ ಹಮಾಲರ ಮೇಲೆ ರೇಗಿ, ಮನೆಗೆ ಬಂದು ಅನ್ನ ಮುದ್ದೆಯಾಯಿತೆಂದು ಕೂಗಾಡಿದೆ. ಗಿರಿಜೆಯ ಮುಖದಲ್ಲಿ ಅಂದೇ ನಗು ಕಂಡದ್ದು. ತಪ್ಪಿಸಿಕೊಂಡು ತಿರುಗುತ್ತಿದ್ದ ಕಳ್ಳ ಬಡಿತವೂ ಸಿಕ್ಕಿಬಿತ್ತು.

"ದೊಡ್ಡದೇನಲ್ರಿ, ಗುಳಿಗಿಗೆ ಹತೋಟಿಗೆ ಬರತೈತಿ. ಆದ್ರ ಸಿಟ್ಟು ಬಿಡಬೇಕು ನೋಡ್ರಿ," ಎಂದರು ಡಾಕ್ಟರು.

ಗಿರಿಜೆ ಗಾಬರಿಯಿಂದ ಕೈ ಮುಗಿದಳು. "ಸಿಟ್ಟು ಇರಲಿ ಬಿಡ್ರಿ, ಬೇಕಾದ್ರ ಇನ್ನೊಂದ ಗುಳಿಗಿ ಜಾಸ್ತಿ ಬರೀರಿ. ಸುಮ್ಮನ ಕುಂತ ಇವರನ್ನ ನೋಡಾಕ ನನ್ನ ಕೈಲೆ ಆಗೂದಿಲ್ಲ."

ನನ್ನ ಸಿಟ್ಟಿನ ಪರವಾಗಿ ಒಬ್ಬರಾದರೂ ಮಾತಾಡಿದ್ದು ಜನ್ಮದಲ್ಲಿ ಅದೇ ಮೊದಲು. ಆ ಸಂತೋಷದಲ್ಲಿ ವಾರವಿಡೀ ಅವಳ ಮೇಲೆ ರೇಗಲು ಬಾಯಿಯೇ ಬರಲಿಲ್ಲ. ಪಾಪ, ಅವಳು ನನ್ನನ್ನು ಮತ್ತೆ ಹಾವೇರಿಗೆ ಎಳೆದುಕೊಂಡು ಹೋದಳು.